ಹಾಸ್ಟೆಲ್ ಒಂದೇ, ಲೋಡು ಮೂರು ಬಗೆ: ಸಾಂಕ್ರಾಮಿಕದ ಕಾಲಕ್ಕೆ ಕರೆಂಟು, ಬಿಸಿನೀರಿನ ಲೆಕ್ಕ

ಸಕಲೇಶಪುರದ ಕಡೆ ನೂರು ಮಕ್ಕಳ ಒಂದು ಸರ್ಕಾರಿ ಹಾಸ್ಟೆಲ್ ಇದೆ ಎಂದಿಟ್ಟುಕೊಳ್ಳಿ. 2020ರ ಫೆಬ್ರವರಿಯಲ್ಲಿ ಅದರ ಚಾವಣಿಗೆ ಸೋಲಾರ್, ಬಚ್ಚಲಿಗೆ ಬಿಸಿನೀರು, ಇವೆರಡಕ್ಕೂ ಎಸ್ಟಿಮೇಟ್ ಹಾಕುವ ಕೆಲಸ ನಿಮ್ಮ ಪಾಲಿಗೆ ಬಂದಿದೆ. ನೀವೂ ಎಲ್ಲರೂ ಮಾಡುವುದನ್ನೇ ಮಾಡುತ್ತೀರಿ. ಹಿಂದಿನ ಹನ್ನೆರಡು ತಿಂಗಳ ಬಿಲ್ಲು ತರಿಸಿ, ಕೂಡಿಸಿ, 365ರಿಂದ ಭಾಗಿಸಿ, ಬಂದ ಸರಾಸರಿಗೆ ಹತ್ತಿಪ್ಪತ್ತು ಪರ್ಸೆಂಟ್ ಸೇರಿಸಿ ಫೈಲು ಮೇಲಕ್ಕೆ ಕಳಿಸುತ್ತೀರಿ.

ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ಮಕ್ಕಳೆಲ್ಲ ಊರು ಸೇರಿ ಹಾಸ್ಟೆಲ್ ಬಿಕೋ ಎನ್ನತೊಡಗಿತು. ಕರೆಂಟು ಬೇಕಿದ್ದದ್ದು ವಾಚ್‌ಮನ್‌ನ ಬಲ್ಬಿಗೆ, ನೀರಿನ ಮೋಟರಿಗೆ ಮಾತ್ರ. ಕೆಲ ತಿಂಗಳು ಕಳೆದ ಮೇಲೆ ಅದೇ ಗೇಟಿಗೆ ಕೋವಿಡ್ ಕೇರ್ ಸೆಂಟರ್ ಎಂಬ ಬೋರ್ಡು ಬಿತ್ತು. ರಾಜ್ಯದ ಎಷ್ಟೋ ಹಾಸ್ಟೆಲ್‌ಗಳು, ವಸತಿ ಶಾಲೆಗಳು ಹಾಗೆ ಆರೈಕೆ ಕೇಂದ್ರಗಳಾದವಲ್ಲ. ಈಗ ಅಲ್ಲಿ ಮಲಗಿರುವವರು ಜ್ವರ ಬಂದ ದೊಡ್ಡವರು. ಹೊತ್ತುಗೊತ್ತಿಲ್ಲದೆ ಬಿಸಿನೀರು ಬೇಕು, ದಿನಾ ಬೆಡ್‌ಶೀಟ್ ಒಗೆಯಬೇಕು. 2021ರ ಎರಡನೇ ಅಲೆಯ ಹೊತ್ತಿಗೆ ಮಂಚದ ಪಕ್ಕದಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್‌ಗಳು ಬಂದು ಕೂತವು. ಒಂದೂವರೆ ವರ್ಷದೊಳಗೆ ಒಂದೇ ಕಟ್ಟಡ ಮೂರು ಬಗೆಯ ಲೋಡು ಕಂಡಿತು. ನಿಮ್ಮ ಸರಾಸರಿ ಆ ಮೂರರಲ್ಲಿ ಒಂದಕ್ಕೂ ಹೊಂದಲಿಲ್ಲ.

ಹಾಗಾದರೆ ಯಾವುದಕ್ಕೆ ಲೆಕ್ಕ ಹಾಕಬೇಕು? ಇಂಥ ಯೋಜನೆ ಮಾಡುವವರು ಕೇಳಿಕೊಳ್ಳುವ ಮೊದಲ ಪ್ರಶ್ನೆ ಎಷ್ಟು ಯೂನಿಟ್ ಎಂಬುದಲ್ಲ. ಯಾವ ಕೆಲಸ ಒಂದು ನಿಮಿಷವೂ ನಿಲ್ಲುವಂತಿಲ್ಲ, ಯಾವುದನ್ನು ನಾಲ್ಕು ಗಂಟೆ ಮುಂದಕ್ಕೆ ಹಾಕಬಹುದು, ಯಾವುದು ಎರಡು ದಿನ ತಡೆದೀತು ಎಂಬುದು. ಹೀಗೆ ವಿಂಗಡಿಸಲು ಕೂತರೆ ಒಂದು ಸಂಗತಿ ಎದ್ದು ಕಾಣುತ್ತದೆ. ಕಟ್ಟಡದ ಇಂಧನದ ಖರ್ಚಿನಲ್ಲಿ ದೊಡ್ಡ ಪಾಲು ಶಾಖದ್ದು, ಮತ್ತು ಆ ಶಾಖವನ್ನು ಕೂಡಿಡುವುದು ಕರೆಂಟನ್ನು ಕೂಡಿಡುವುದಕ್ಕಿಂತ ಬಹಳ ಅಗ್ಗ. ಆದ್ದರಿಂದ ಮೊದಲು ಬಿಸಿನೀರಿನ ಲೆಕ್ಕ ಮುಗಿಸಿ, ಆಮೇಲೆ ಪ್ಯಾನೆಲ್ ಬ್ಯಾಟರಿಗೆ ಕೈ ಹಾಕಿ ಎನ್ನುವುದು ನನ್ನ ವಾದ. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ತಿರುಗುಮುರುಗು.

ಒಂಬತ್ತು ನಿಮಿಷದ ಪಾಠ

ಹಾಸ್ಟೆಲ್ಲಿಗೆ ಬರುವ ಮುನ್ನ ದೊಡ್ಡ ಗ್ರಿಡ್ಡಿನ ಕಡೆ ಒಂದು ಕಣ್ಣು ಹಾಯಿಸೋಣ. 2020ರ ಏಪ್ರಿಲ್ 5ರ ರಾತ್ರಿ ಒಂಬತ್ತಕ್ಕೆ ಒಂಬತ್ತು ನಿಮಿಷ ದೀಪ ಆರಿಸಿ ಹಣತೆ ಹಚ್ಚಿದ್ದು ಎಲ್ಲರಿಗೂ ನೆನಪಿದೆ. ಆಗ ಗ್ರಿಡ್ ನೋಡಿಕೊಳ್ಳುತ್ತಿದ್ದ ಪೋಸೊಕೊ (ಈಗಿನ ಗ್ರಿಡ್-ಇಂಡಿಯಾ) ಸಂಸ್ಥೆಯವರು ಹನ್ನೆರಡು ಹದಿಮೂರು ಸಾವಿರ ಮೆಗಾವ್ಯಾಟ್ ಬೇಡಿಕೆ ಇಳಿಯಬಹುದೆಂದು ಅಂದಾಜು ಮಾಡಿದ್ದರು. ಇಳಿದದ್ದು ಸುಮಾರು 31 ಸಾವಿರ ಮೆಗಾವ್ಯಾಟ್. ಕರೆಂಟನ್ನು ಹುಟ್ಟಿದ ಕ್ಷಣದಲ್ಲೇ ಬಳಸಬೇಕು. ಬಳಸುವವರು ದಿಢೀರನೆ ಕಡಿಮೆಯಾದರೆ ಜನರೇಟರ್‌ಗಳು ವೇಗ ಪಡೆದು 50 ಹರ್ಟ್ಸ್ ಇರಬೇಕಾದ ಫ್ರೀಕ್ವೆನ್ಸಿ ಏರುತ್ತದೆ; ಮಿತಿ ಮೀರಿದರೆ ಯಂತ್ರಗಳು ತಮ್ಮ ರಕ್ಷಣೆಗೆ ತಾವೇ ಟ್ರಿಪ್ ಆಗುತ್ತವೆ, ಒಂದರ ಹಿಂದೊಂದು. ಆ ರಾತ್ರಿ ಹಾಗಾಗಲಿಲ್ಲ. ಕಾರಣ ಮುಖ್ಯವಾಗಿ ನೀರು. ದೇಶದ ಜಲವಿದ್ಯುತ್ ಘಟಕಗಳು ಒಂಬತ್ತಕ್ಕೆ ಮೊದಲು ಜೋರಾಗಿ ಓಡಿ, ಆಮೇಲೆ ಅರ್ಧ ಗಂಟೆಯೊಳಗೆ 17 ಸಾವಿರ ಮೆಗಾವ್ಯಾಟ್‌ಗೂ ಹೆಚ್ಚು ಇಳಿಸಿಕೊಂಡವು. ಕಲ್ಲಿದ್ದಲಿನ ಬಾಯ್ಲರ್ ಅಷ್ಟು ಚುರುಕಾಗಿ ಏರುವುದಿಲ್ಲ, ಇಳಿಯುವುದೂ ಇಲ್ಲ. ನಮ್ಮ ಶರಾವತಿಯಂಥ ಕೇಂದ್ರದಲ್ಲಿ ಗೇಟು ತಿರುಗಿಸಿದರೆ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ.

ಗ್ರಿಡ್ ಉಳಿಸಿದ್ದು ಹೆಚ್ಚು ಕರೆಂಟಲ್ಲ, ಹಿಡಿದಿಟ್ಟು ಬೇಕಾದಾಗ ಬಿಡಬಹುದಾದ ನೀರು. ಇದನ್ನು ಹಾಸ್ಟೆಲ್ಲಿನ ಮಟ್ಟಕ್ಕೂ ತರಬಹುದು, ಮುಂದೆ ನೋಡೋಣ.

ಲಾಕ್‌ಡೌನಿನಲ್ಲಿ ಬೇಡಿಕೆಯ ಆಕಾರವೂ ಬದಲಾಯಿತು. 2020ರ ಏಪ್ರಿಲ್‌ನಲ್ಲಿ ದೇಶದ ವಿದ್ಯುತ್ ಬಳಕೆ ಹಿಂದಿನ ಏಪ್ರಿಲ್‌ಗಿಂತ ಐದನೇ ಒಂದು ಭಾಗಕ್ಕೂ ಹೆಚ್ಚು ಕುಸಿಯಿತು. ಕುಸಿದದ್ದು ಕಾರ್ಖಾನೆ, ಅಂಗಡಿ, ಹೋಟೆಲ್ಲು. ಮನೆಗಳ ಬಳಕೆ ಏರಿತ್ತು. ತೋಟದ ಪಂಪ್‌ಸೆಟ್ಟುಗಳಿಗೆ ರಜೆಯೇ ಇರಲಿಲ್ಲ. ಹೆಚ್ಚು ದರ ಕೊಡುವ ಗ್ರಾಹಕರು ಬಾಗಿಲು ಹಾಕಿದ್ದರಿಂದ ಎಸ್ಕಾಂಗಳ, ಅಂದರೆ ಮನೆಮನೆಗೆ ಕರೆಂಟು ಹಂಚುವ ಕಂಪನಿಗಳ, ಕೈ ಬರಿದಾಯಿತು. ಕೇಂದ್ರ ಸರ್ಕಾರ ಮೇ ತಿಂಗಳಲ್ಲಿ ವಿತರಣಾ ಕಂಪನಿಗಳಿಗೆ 90 ಸಾವಿರ ಕೋಟಿ ರೂಪಾಯಿಯ ಸಾಲದ ವ್ಯವಸ್ಥೆ ಘೋಷಿಸಿದ್ದು ಅದಕ್ಕೇ. ಇತ್ತ ಸೋಲಾರ್, ಗಾಳಿ ವಿದ್ಯುತ್ತನ್ನು ಸಿಕ್ಕಷ್ಟೂ ಕೊಳ್ಳಬೇಕೆಂಬ ನಿಯಮಕ್ಕೆ ಲಾಕ್‌ಡೌನಿನಲ್ಲೂ ವಿನಾಯಿತಿ ಇಲ್ಲ ಎಂದು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಏಪ್ರಿಲ್ ಮೊದಲ ದಿನವೇ ರಾಜ್ಯಗಳಿಗೆ ಬರೆದಿತ್ತು.

860 ಎಂಬ ಸಂಖ್ಯೆ

ಯುರೋಪಿನ ಚಳಿ ದೇಶಗಳಲ್ಲಿ ಶಾಖದ ಖರ್ಚಿನ ಬಹುಪಾಲು ಕೋಣೆ ಬೆಚ್ಚಗಿಡಲು. ನಮ್ಮ ಮಲೆನಾಡಿನಲ್ಲಿ ಅದರ ಗೊಡವೆ ಇಲ್ಲ, ಕಂಬಳಿ ಸಾಕು. ನಮಗೆ ಶಾಖ ಬೇಕಿರುವುದು ಸ್ನಾನದ ನೀರಿಗೆ, ಬಟ್ಟೆ ಒಗೆಯಲು, ಅಡುಗೆಗೆ, ಹಾಲಿಗೆ, ಕಾಫಿ ಮತ್ತು ಅಡಿಕೆ ಒಣಗಿಸಲು.

ಬಿಸಿನೀರಿನ ಲೆಕ್ಕಕ್ಕೆ ಒಂದೇ ಸಂಖ್ಯೆ ನೆನಪಿದ್ದರೆ ಸಾಕು. ಒಂದು ಯೂನಿಟ್ ಶಕ್ತಿ 860 ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡುತ್ತದೆ. ನೂರು ಜನ, ತಲೆಗೆ 25 ಲೀಟರ್ ಹದವಾದ ನೀರು. ಸಿಂಟೆಕ್ಸ್ ಟ್ಯಾಂಕಿನಿಂದ ಬರುವ ನೀರು 20 ಡಿಗ್ರಿ, ಮೈಗೆ ಬೇಕಾದದ್ದು 42. ಅಂದರೆ 2,500 ಲೀಟರನ್ನು 22 ಡಿಗ್ರಿ ಏರಿಸಬೇಕು. ಗುಣಿಸಿ 860ರಿಂದ ಭಾಗಿಸಿದರೆ ದಿನಕ್ಕೆ ಸುಮಾರು 64 ಯೂನಿಟ್. ಅದೇ ಹಾಸ್ಟೆಲ್ಲಿನ ದೀಪ, ಫ್ಯಾನು, ಮೊಬೈಲ್ ಚಾರ್ಜಿಂಗ್ ಎಲ್ಲ ಸೇರಿ 25–30 ಯೂನಿಟ್ ಎಂದುಕೊಂಡರೂ ಬಿಸಿನೀರು ಅದರ ಎರಡು ಪಟ್ಟಿಗೂ ಹೆಚ್ಚು.

ಈ 64 ಯೂನಿಟನ್ನು ತರುವ ದಾರಿಗಳು ಹಲವು. ಮೂರು ಕಿಲೋವ್ಯಾಟ್‌ನ ಹತ್ತು ಗೀಸರ್ ಹಾಕಿಸುವುದು ಎಲ್ಲಕ್ಕಿಂತ ಸುಲಭ, ಪ್ಲಂಬರ್ ಎರಡು ದಿನದಲ್ಲಿ ಮುಗಿಸಿ ಹೋಗುತ್ತಾನೆ. ಆದರೆ ಬೆಳಿಗ್ಗೆ ಆರಕ್ಕೆ ಹತ್ತೂ ಒಟ್ಟಿಗೆ ಹೊತ್ತಿಕೊಂಡರೆ 30 ಕಿಲೋವ್ಯಾಟ್. ಹಳ್ಳಿ ಕಡೆ ಎಷ್ಟೋ ಟಿಸಿಗಳು (ಟ್ರಾನ್ಸ್‌ಫಾರ್ಮರ್‌ಗಳು) 25 ಕೆವಿಎಯವು, ಅಂದರೆ ಹೆಚ್ಚೆಂದರೆ 25 ಕಿಲೋವ್ಯಾಟ್ ತಡೆಯುವಂಥವು, ಅದರಲ್ಲೇ ಊರಿನ ಮನೆಗಳೂ ಇರುತ್ತವೆ. ಟಿಸಿ ಸುಟ್ಟರೆ ಬದಲಿ ಬರುವವರೆಗೆ ಊರಿಗೇ ಕತ್ತಲೆ, ಅದೂ ರೋಗಿಗಳಿರುವ ಕಾಲದಲ್ಲಿ.

ಹೀಟ್ ಪಂಪ್ ಇನ್ನೊಂದು ದಾರಿ. ಫ್ರಿಜ್ಜು ಒಳಗಿನ ಶಾಖವನ್ನು ಹಿಂಬದಿಗೆ ಸಾಗಿಸುವ ಹಾಗೆ ಇದು ಹೊರಗಿನ ಗಾಳಿಯ ಶಾಖವನ್ನು ನೀರಿಗೆ ಸಾಗಿಸುತ್ತದೆ. ಶಾಖವನ್ನು ಹುಟ್ಟಿಸದೆ ಬರೀ ಸಾಗಿಸುವುದರಿಂದ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಸಿಗುತ್ತದೆ. 64ರ ಜಾಗದಲ್ಲಿ 21 ಯೂನಿಟ್ ಸಾಕು. ಅದಕ್ಕಿಂತ ಮುಖ್ಯವಾದದ್ದು ಲೋಡು. ದಿನಕ್ಕೆ ಎಂಟು ಗಂಟೆ ನಿಧಾನವಾಗಿ ಓಡಿಸಿದರೆ ಅದು ಎಳೆಯುವುದು ಮೂರು ಕಿಲೋವ್ಯಾಟ್‌ಗೂ ಕಡಿಮೆ. ಮೂವತ್ತೆಲ್ಲಿ, ಮೂರೆಲ್ಲಿ! ಬೆಲೆ ಗೀಸರಿಗಿಂತ ಬಹಳ ಹೆಚ್ಚು, ಕೆಟ್ಟರೆ ರಿಪೇರಿಗೆ ಎಸಿ ಮೆಕ್ಯಾನಿಕ್ಕೇ ಬೇಕು ಎಂಬುದೂ ನಿಜ.

ಸೋಲಾರ್ ವಾಟರ್ ಹೀಟರ್ ಕರ್ನಾಟಕಕ್ಕೆ ಹೊಸದಲ್ಲ. ಇಲ್ಲಿ ಬರುವ ತಕರಾರು ಟ್ಯೂಬೋ ಪ್ಲೇಟೋ ಎಂಬುದು. ಮೋಡ ಕವಿದ ಚಳಿ ಜಾಗಕ್ಕೆ ಗಾಜಿನ ಟ್ಯೂಬು ವಾಸಿ, ನಿರ್ವಾತದ ಪದರ ಶಾಖವನ್ನು ಹೊರಗೆ ಬಿಡುವುದಿಲ್ಲ. ಅರಸೀಕೆರೆ, ಕಡೂರಿನ ಗಡಸು ನೀರಿಗೂ ಅದೇ ಅನುಕೂಲ. ಪ್ಲೇಟಿನೊಳಗಿನ ಸಣ್ಣ ತಾಮ್ರದ ಕೊಳವೆಗಳು ಸುಣ್ಣ ಕಟ್ಟಿ ಮುಚ್ಚಿಹೋಗುತ್ತವೆ. ಆದರೆ ಟ್ಯೂಬುಗಳು ಬಹುಪಾಲು ಚೀನಾದಿಂದ ಬರುವಂಥವು, ಪ್ಲೇಟುಗಳು ಇಲ್ಲೇ ತಯಾರಾಗುತ್ತವೆ. ಸರಕು ನಿಂತ ಕಾಲದಲ್ಲಿ ಒಡೆದ ಟ್ಯೂಬಿಗೆ ಬದಲಿ ಸಿಗದೆ ಹೋಗಬಹುದು. ನಾನಾದರೆ ಟ್ಯೂಬನ್ನೇ ಹಾಕಿಸಿ, ಹತ್ತು ಟ್ಯೂಬು ಹೆಚ್ಚಿಗೆ ತರಿಸಿ ಅಟ್ಟದ ಮೇಲೆ ಇಡುತ್ತೇನೆ.

ಸೌದೆಯನ್ನು ಕೀಳಾಗಿ ಕಾಣುವ ಇಂಜಿನಿಯರುಗಳಿದ್ದಾರೆ. ಕಾಫಿ ತೋಟದಲ್ಲಿ ಪ್ರತಿ ವರ್ಷ ಮರಗಸಿ ಮಾಡಲೇಬೇಕು, ಕೊಂಬೆ ರೆಂಬೆ ಬೀಳಲೇಬೇಕು. ಅದಕ್ಕಿಂತ ಹತ್ತಿರದ ಇಂಧನ ಯಾವುದಿದೆ? ಪ್ರಶ್ನೆ ಇರುವುದು ಒಲೆಯ ಬಗ್ಗೆ. ನಮ್ಮ 64 ಯೂನಿಟ್ ಶಾಖಕ್ಕೆ ಹಳೆಯ ಹಂಡೆ ಒಲೆಯಲ್ಲಿ ಎಪ್ಪತ್ತೆಂಬತ್ತು ಕಿಲೋ ಸೌದೆ ಬೇಕು, ಉರಿಯ ಐದರಲ್ಲಿ ನಾಲ್ಕು ಪಾಲು ಹೊಗೆಗೂಡಿನಲ್ಲೇ ಹೋಗುತ್ತದೆ. ಜಾಲರಿ, ಮುಚ್ಚಿದ ಒಲೆಗೂಡು, ಚಿಮಣಿ ಇರುವ ಒಳ್ಳೆಯ ಬಾಯ್ಲರ್ ಆದರೆ ಮೂವತ್ತು ಕಿಲೋ ಆಸುಪಾಸು ಸಾಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ‘ಅಸ್ತ್ರ’ ಕೇಂದ್ರದಿಂದ ಬಂದ ಅಸ್ತ್ರ ಒಲೆಯ ತತ್ವವೂ ಇದೇ. ಉಸಿರಾಟದ ಕಾಯಿಲೆಯವರು ಮಲಗಿರುವ ಕಟ್ಟಡಕ್ಕೆ ಚಿಮಣಿ ಇಲ್ಲದ ಬಚ್ಚಲ ಒಲೆ ಮಾತ್ರ ಸುತರಾಂ ಕೂಡದು.

ಇನ್ನು ಟ್ಯಾಂಕು. 1,500 ಲೀಟರಿನ, ಚೆನ್ನಾಗಿ ಶಾಖನಿರೋಧಕ ಸುತ್ತಿದ ಟ್ಯಾಂಕಿನಲ್ಲಿ ನೀರು 60 ಡಿಗ್ರಿಗೆ ಕಾದು ನಿಂತಿದ್ದರೆ ಅದರೊಳಗೆ ಸುಮಾರು 70 ಯೂನಿಟ್ ಶಾಖ ಇದೆ. ಇಷ್ಟೇ ಯೂನಿಟನ್ನು ಕರೆಂಟಾಗಿ ಇಡಬೇಕೆಂದರೆ ಬ್ಯಾಟರಿಗೆ ಹಲವು ಲಕ್ಷ ಬೇಕು, ಕೆಲವು ವರ್ಷಕ್ಕೆ ಅದನ್ನು ಬದಲಿಸಲೂಬೇಕು. ಟ್ಯಾಂಕು ದಶಕಗಟ್ಟಲೆ ಇರುತ್ತದೆ. ಬಿಸಿಲಿದ್ದಾಗ ಸೋಲಾರ್, ಕರೆಂಟ್ ಇದ್ದಾಗ ಹೀಟ್ ಪಂಪ್, ಎರಡೂ ಕೈಕೊಟ್ಟರೆ ಸೌದೆ. ಯಾವ ಹೊತ್ತಿಗೆ ಯಾವುದು ಸಿಕ್ಕಿದರೂ ಶಾಖ ಅದೇ ಟ್ಯಾಂಕಿಗೆ. ಗ್ರಿಡ್ಡಿಗೆ ಅಣೆಕಟ್ಟಿನ ನೀರು ಮಾಡಿದ ಕೆಲಸವನ್ನು ಹಾಸ್ಟೆಲ್ಲಿಗೆ ಈ ಟ್ಯಾಂಕು ಮಾಡುತ್ತದೆ.

60 ಡಿಗ್ರಿ ಎಂದದ್ದಕ್ಕೆ ಇನ್ನೊಂದು ಕಾರಣ ಇದೆ. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದೂ ಶ್ವಾಸಕೋಶಕ್ಕೇ ತಗಲುವಂಥದ್ದು. ತಿಂಗಳುಗಟ್ಟಲೆ ಖಾಲಿ ಬಿದ್ದ ಕಟ್ಟಡವನ್ನು ಮತ್ತೆ ತೆರೆಯುವಾಗ ಹಳೆ ನೀರು ಪೂರ್ತಿ ಹರಿಸಿ, ಟ್ಯಾಂಕು 60 ದಾಟಿಸಿ ಆಮೇಲೆ ನಲ್ಲಿ ಬಿಡಬೇಕು.

ಹಾಲು, ಕಾಫಿ

ಸಾಂಕ್ರಾಮಿಕದಲ್ಲಿ ಕರೆಂಟಿನ ಬೇಡಿಕೆ ಇಳಿದಾಗ ಶಾಖದ ಬೇಡಿಕೆಯೂ ಇಳಿಯುತ್ತದೆ ಎಂದುಕೊಂಡರೆ ತಪ್ಪು. ಹಾಲನ್ನೇ ನೋಡಿ. ಲಾಕ್‌ಡೌನ್ ಬಂತೆಂದು ಹಸು ಹಾಲು ಕೊಡುವುದು ನಿಲ್ಲಿಸಲಿಲ್ಲ, ಆದರೆ ಹೋಟೆಲ್, ಛತ್ರ, ಬೇಕರಿ ಮುಚ್ಚಿದವು. ಉಳಿದ ಹಾಲು ಕೆಡದಿರಬೇಕಾದರೆ ಪುಡಿಯಾಗಬೇಕು. ಪ್ಯಾಕೆಟ್ ಹಾಲಿಗೆ 72 ಡಿಗ್ರಿಯಲ್ಲಿ 15 ಸೆಕೆಂಡಿನ ಪಾಶ್ಚರೀಕರಣ ಸಾಕು. ಹೊರಹೋಗುವ ಬಿಸಿ ಹಾಲು ಒಳಬರುವ ತಣ್ಣನೆ ಹಾಲನ್ನು ಬಿಸಿ ಮಾಡುವುದರಿಂದ ಹೊಸದಾಗಿ ಬೇಕಾಗುವ ಶಾಖ ಲೀಟರಿಗೆ ಒಂದು ಯೂನಿಟ್ಟಿನ ನೂರನೇ ಒಂದು ಭಾಗದಷ್ಟು. ಪುಡಿ ಮಾಡಲು ಲೀಟರಿನಲ್ಲಿರುವ ನೂರಕ್ಕೆ ಸುಮಾರು 87 ಭಾಗ ನೀರನ್ನು ಆವಿ ಮಾಡಬೇಕು. ನೇರ ಲೆಕ್ಕದಲ್ಲಿ ಅರ್ಧ ಯೂನಿಟ್ಟಿಗೂ ಹೆಚ್ಚು ಶಾಖ. ಹಬೆಯನ್ನು ಮತ್ತೆ ಮತ್ತೆ ಬಳಸುವ ಯಂತ್ರಗಳಲ್ಲಿ ಇದು ಬಹಳ ತಗ್ಗುತ್ತದೆ, ಆದರೂ ಪ್ಯಾಕೆಟ್ ಹಾಲಿನ ಹತ್ತಾರು ಪಟ್ಟು. ಮಾರಾಟ ಬಿದ್ದ ತಿಂಗಳಲ್ಲೇ ಬಾಯ್ಲರ್ ಹೆಚ್ಚು ಉರಿಯಬೇಕಾಗಿ ಬರುವುದು ಹೀಗೆ.

ಕಾಫಿಯದು ಇನ್ನೊಂದು ಕಥೆ. ಹಣ್ಣಿನ ಸಿಪ್ಪೆ ಬಿಡಿಸಿದ ಮೇಲೆ ಉಳಿಯುವ, ಒಳತೊಗಟೆ ಸಮೇತದ ಬೀಜಕ್ಕೆ ಪಾರ್ಚ್‌ಮೆಂಟ್ ಎನ್ನುತ್ತಾರೆ. ತೊಳೆದ ಪಾರ್ಚ್‌ಮೆಂಟಿನಲ್ಲಿ ಅರ್ಧಕ್ಕೂ ಹೆಚ್ಚು ನೀರು, ಚೀಲ ಕಟ್ಟುವಾಗ ಅದು 10–11 ಪರ್ಸೆಂಟಿಗೆ ಇಳಿದಿರಬೇಕು. ನೂರು ಕಿಲೋ ಹಸಿ ಪಾರ್ಚ್‌ಮೆಂಟಿನಿಂದ ಸುಮಾರು 46 ಕಿಲೋ ನೀರು ಹೋಗಬೇಕು ಎಂದಾಯಿತು. ಅದಕ್ಕೆ ಕನಿಷ್ಠ 29 ಯೂನಿಟ್ ಶಾಖ, ಡ್ರೈಯರಿನ ನಷ್ಟ ಸೇರಿಸಿದರೆ ಇನ್ನೂ ಹೆಚ್ಚು. ಈ ಶಾಖವನ್ನು ಕಣದಲ್ಲಿ ಸೂರ್ಯ ಬಿಟ್ಟಿ ಕೊಡುತ್ತಾನೆ, ಏಳೆಂಟು ಒಳ್ಳೆಯ ಬಿಸಿಲು ಬಿದ್ದರೆ ಮುಗಿಯಿತು. ಆದರೆ ಕಣಕ್ಕೆ ಕೈಗಳು ಬೇಕು. ಗಂಟೆಗೊಮ್ಮೆ ಕೆದಕಬೇಕು, ಸಂಜೆ ರಾಶಿ ಮಾಡಿ ಟಾರ್ಪಾಲ್ ಹೊದಿಸಬೇಕು, ಬೆಳಿಗ್ಗೆ ಮತ್ತೆ ಹರವಬೇಕು. ತೋಟದ ಲೈನ್ ಮನೆಗಳಲ್ಲಿರುವ ಕೆಲಸಗಾರರು ಹೊರಗೆ ಬರಲಾರದೆ, ಹೊರ ಜಿಲ್ಲೆಯ ಆಳುಗಳು ಬಾರದೆ ಹೋದರೆ ಬಿಸಿಲಿದ್ದೂ ಪ್ರಯೋಜನವಿಲ್ಲ. ಆಗ ಯಂತ್ರದ ಡ್ರೈಯರೇ ಗತಿ. ಕಾಫಿ ಸಿಪ್ಪೆ ಅಥವಾ ಸೌದೆಯ ಬೆಂಕಿಯಿಂದ ಶಾಖ, ಬ್ಲೋವರ್ ತಿರುಗಿಸಲಷ್ಟೇ ಕರೆಂಟು. ಸ್ನಾನದ ನೀರು ಸಂಜೆವರೆಗೆ ತಡೆದೀತು, ಹಸಿ ಪಾರ್ಚ್‌ಮೆಂಟು ಎರಡು ದಿನ ರಾಶಿಯಲ್ಲಿದ್ದರೆ ಬೂಷ್ಟು. ಶಾಖದಲ್ಲೂ ಕಾಯುವ ಶಾಖ ಬೇರೆ, ಕಾಯದ ಶಾಖ ಬೇರೆ.

ನಿಲ್ಲಬಾರದ ಕರೆಂಟು

ಈಗ ಕಾನ್ಸಂಟ್ರೇಟರ್. ನಿಮಿಷಕ್ಕೆ ಐದು ಲೀಟರ್ ಆಮ್ಲಜನಕ ಕೊಡುವ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ. ಹತ್ತು ಯಂತ್ರ ಅಂದರೆ 3.5 ಕಿಲೋವ್ಯಾಟ್, ಇಡೀ ದಿನಕ್ಕೆ 84 ಯೂನಿಟ್. ಸೋಲಾರ್ ಪ್ಯಾನೆಲ್ ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 84ಕ್ಕೆ 21 ಕಿಲೋವ್ಯಾಟ್ ಪ್ಯಾನೆಲ್, ಮೇಲೆ ರಾತ್ರಿಗೆ ಐವತ್ತು ಯೂನಿಟ್ಟಿನ ಬ್ಯಾಟರಿ. ಕೊಟೇಶನ್ ನೋಡಿದ ವಾರ್ಡನ್ ಫೈಲನ್ನೇ ಮುಚ್ಚಿಡುತ್ತಾರೆ.

ಪ್ರಶ್ನೆಯನ್ನು ಬೇರೆ ರೀತಿ ಕೇಳಬೇಕು. ಗ್ರಿಡ್ ಇರುತ್ತದೆ, ಆಗಾಗ ಹೋಗುತ್ತದೆ. ಮಾಮೂಲಿಯಾಗಿ ಎಷ್ಟು ಹೊತ್ತು ಹೋಗುತ್ತದೆ? ನಾಲ್ಕು ಗಂಟೆ ಎಂದುಕೊಂಡರೆ ಯಂತ್ರಗಳಿಗೆ 14 ಯೂನಿಟ್, ಜೊತೆಗೆ ವಾರ್ಡಿನ ದೀಪಕ್ಕೆ ಎರಡು. ಲಿಥಿಯಂ ಆದರೆ 20 ಯೂನಿಟ್ ಸಾಮರ್ಥ್ಯದ ಬ್ಯಾಟರಿ ಸಾಕು. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದಾದ್ದರಿಂದ ಮೂವತ್ತರ ಮೇಲೆ ಬೇಕು. ಆಶ್ಲೇಷ ಮಳೆಗೆ ಮರ ಬಿದ್ದು ಮೂರು ದಿನ ಲೈನ್ ಇಲ್ಲದಿದ್ದರೆ? ಅದಕ್ಕೆ ಬ್ಯಾಟರಿ ಕಟ್ಟುವುದು ದುಂದು. ಡೀಸೆಲ್ ಜನರೇಟರನ್ನು ಬಿಸಾಡಿ ಎಂದು ಹಸಿರು ಭಾಷಣ ಮಾಡುವವರು ಈ ಮೂರು ದಿನದ ಲೆಕ್ಕ ಹಾಕಿರುವುದಿಲ್ಲ. ಲೀಟರಿಗೆ ಮೂರು ಯೂನಿಟ್ ಎಂದರೆ ಯಂತ್ರಗಳಿಗೆ ದಿನಕ್ಕೆ 28 ಲೀಟರ್ ಡೀಸೆಲ್ಲು. ಹಗಲು ಸೋಲಾರ್ ಕೈಹಿಡಿದರೆ ಅಷ್ಟು ಕಡಿಮೆ. ವರ್ಷಕ್ಕೆ ಬೆರಳೆಣಿಕೆಯ ದಿನ ಓಡುವ ಜನರೇಟರಿನಿಂದ ಪರಿಸರಕ್ಕೆ ಆಗುವ ಹಾನಿ ದೊಡ್ಡದಲ್ಲ.

ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇಲ್ಲೇ ಹೇಳಬೇಕು. ನೆಟ್ ಮೀಟರಿಂಗ್‌ನ (ಮಿಕ್ಕ ಯೂನಿಟ್ಟನ್ನು ಗ್ರಿಡ್ಡಿಗೆ ಕೊಡುವ) ಸಾದಾ ಸೋಲಾರ್ ವ್ಯವಸ್ಥೆ ಕರೆಂಟ್ ಹೋದ ಕೂಡಲೆ ತಾನೂ ನಿಲ್ಲುತ್ತದೆ. ಸುಡುಬಿಸಿಲಿನಲ್ಲಿ 20 ಕಿಲೋವ್ಯಾಟ್ ಪ್ಯಾನೆಲ್ ತಲೆ ಮೇಲಿದ್ದರೂ ಕೆಳಗೆ ಫ್ಯಾನ್ ತಿರುಗುವುದಿಲ್ಲ. ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಚಾವಣಿಯ ಕರೆಂಟು ಹೊಡೆಯಬಾರದೆಂದು ಇನ್ವರ್ಟರನ್ನು ಹಾಗೆ ಮಾಡಿರುತ್ತಾರೆ, ಮಾಡಿರಲೇಬೇಕು. ಕರೆಂಟ್ ಹೋದಾಗಲೂ ಸೋಲಾರ್ ಬೇಕಿದ್ದರೆ ಬ್ಯಾಟರಿ ಜೊತೆಗೆ ಹೈಬ್ರಿಡ್ ಇನ್ವರ್ಟರ್ ಹಾಕಿಸಿ, ನಿಲ್ಲಬಾರದ ಲೋಡುಗಳಿಗೆ ಪ್ರತ್ಯೇಕ ಡಿಬಿ (ಡಿಸ್ಟ್ರಿಬ್ಯೂಷನ್ ಬೋರ್ಡ್) ಮಾಡಿಸಬೇಕು. ಈ ವೈರಿಂಗ್ ಕಟ್ಟಡ ಕಟ್ಟುವಾಗಲೇ ಆದರೆ ಖರ್ಚು ಅಲ್ಪ. ಆಮೇಲೆ ಗೋಡೆ ಕೊರೆಯುವುದು ತಲೆನೋವು.

ಲಸಿಕೆಯ ಫ್ರಿಜ್ಜು ಕೂಡ ನಿಲ್ಲಬಾರದ ಲೋಡೇ ಎಂದು ಅನ್ನಿಸುತ್ತದೆ. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇಡುವ ಐಎಲ್‌ಆರ್ ಪೆಟ್ಟಿಗೆಯ ಒಳಗೋಡೆಯ ಸುತ್ತ ಮಂಜುಗಡ್ಡೆಯ ಪದರ ಇರುತ್ತದೆ. ದಿನದಲ್ಲಿ ಎಂಟು ಗಂಟೆ ಕರೆಂಟು ಸಿಕ್ಕರೂ ಕೋವಿಶೀಲ್ಡ್, ಕೋವ್ಯಾಕ್ಸಿನ್‌ಗೆ ಬೇಕಾದ 2ರಿಂದ 8 ಡಿಗ್ರಿ ಕಾಯ್ದುಕೊಳ್ಳುವಂತೆ ಅದನ್ನು ಮಾಡಿದ್ದಾರೆ. ಬಿಸಿನೀರಿನ ಟ್ಯಾಂಕಿನದೇ ಉಪಾಯ, ತಣ್ಣಗಿನ ಕಡೆಯಿಂದ. ಕರೆಂಟನ್ನು ಕೂಡಿಡದೆ, ಅದು ಮಾಡಬೇಕಾದ ಕೆಲಸವನ್ನೇ ಮುಂಚಿತವಾಗಿ ಮಾಡಿಟ್ಟುಕೊಳ್ಳುವುದು.

ಮಳೆಗಾಲದ ಲೆಕ್ಕ ಬೇರೆ

ವರ್ಷದ ಸರಾಸರಿ 4 ಯೂನಿಟ್ ಎಂದೆನಲ್ಲ, ಜುಲೈನಲ್ಲಿ ಸಕಲೇಶಪುರದಿಂದ ಪಶ್ಚಿಮಕ್ಕೆ ಹೋದಷ್ಟೂ ಅದು ಅರ್ಧಕ್ಕೆ, ಕೆಲವು ದಿನ ಅದಕ್ಕೂ ಕೆಳಗೆ ಇಳಿಯುತ್ತದೆ. ಆರಿದ್ರಾದಿಂದ ಆಶ್ಲೇಷದವರೆಗೆ ಮಳೆ ಹಿಡಿದರೆ ವಾರಗಟ್ಟಲೆ ಬಿಸಿಲು ಕಾಣದ ಊರುಗಳಿವೆ. ಇತ್ತ ಚಿಕ್ಕಮಗಳೂರು ಜಿಲ್ಲೆಯ ಕಡೂರು ಬಯಲುಸೀಮೆ, ಅದೇ ಜಿಲ್ಲೆಯ ಶೃಂಗೇರಿಯಲ್ಲಿ ಸುರಿಯುವ ಮಳೆಯಲ್ಲಿ ಸಣ್ಣ ಪಾಲಷ್ಟೇ ಅಲ್ಲಿ ಬೀಳುತ್ತದೆ. ಒಂದೇ ಜಿಲ್ಲೆಗೆ ಒಂದೇ ಟೆಂಡರಿನಲ್ಲಿ ಒಂದೇ ಅಳತೆಯ ಸೋಲಾರ್ ಕೊಟ್ಟರೆ ಒಂದು ಕಡೆ ಮಿಗುತ್ತದೆ, ಇನ್ನೊಂದು ಕಡೆ ಸಾಲದು. ಗ್ರಿಡ್ ಜೊತೆಗಿರುವ ಸೋಲಾರನ್ನು ವರ್ಷದ ಒಟ್ಟು ಮೊತ್ತ ನೋಡಿ ಅಳೆಯಬಹುದು. ತುರ್ತಿನ ಸೋಲಾರನ್ನು ಮಾತ್ರ ವರ್ಷದ ಅತಿ ಕೆಟ್ಟ ತಿಂಗಳು ನೋಡಿಯೇ ಅಳೆಯಬೇಕು. 2021ರ ಎರಡನೇ ಅಲೆ ಇಳಿಯುವ ಹೊತ್ತಿಗೆ ಮುಂಗಾರು ಬಂದಿತ್ತು ಎಂಬುದನ್ನು ಮರೆಯಬಾರದು.

ಮಲೆನಾಡು ಈ ಕೊರತೆಯನ್ನು ಇನ್ನೊಂದು ಕಡೆಯಿಂದ ತುಂಬಿಕೊಡುತ್ತದೆ. ಸೆಕೆಂಡಿಗೆ ಹತ್ತು ಲೀಟರ್ ನೀರು, ಇಪ್ಪತ್ತು ಮೀಟರ್ ಇಳಿಜಾರು. ಇಷ್ಟಿರುವ ಹಳ್ಳ ಮೂಡಿಗೆರೆ, ಕೊಪ್ಪ, ಸಕಲೇಶಪುರದ ತೋಟಗಳಲ್ಲಿ ಅಪರೂಪವಲ್ಲ. ಅರ್ಧದಷ್ಟು ನಷ್ಟ ಕಳೆದರೂ ಸಣ್ಣ ಟರ್ಬೈನಿನಿಂದ ಒಂದು ಕಿಲೋವ್ಯಾಟ್ ಬರುತ್ತದೆ. ಸೋಲಾರಿನ ಒಂದು ಕಿಲೋವ್ಯಾಟ್ ದಿನಕ್ಕೆ 4 ಯೂನಿಟ್ ಕೊಟ್ಟರೆ ಇದು ಹಗಲು ರಾತ್ರಿ ತಿರುಗಿ 24 ಯೂನಿಟ್ ಕೊಡುತ್ತದೆ, ಅದೂ ಸೋಲಾರ್ ಮಲಗಿರುವ ತಿಂಗಳುಗಳಲ್ಲೇ. ಫೆಬ್ರವರಿ ಹೊತ್ತಿಗೆ ಹಳ್ಳ ಸೊರಗುತ್ತದೆ, ಆಗ ಬಿಸಿಲು ಏರಿರುತ್ತದೆ. ಕೊಳವೆಗೆ ಎಲೆ ಕಸ ಕಟ್ಟಿಕೊಂಡರೆ ಸುರಿವ ಮಳೆಯಲ್ಲೇ ಹೋಗಿ ಬಿಡಿಸಬೇಕು, ಅದೊಂದು ಕಷ್ಟ.

ಯಾವ ಭವಿಷ್ಯಕ್ಕೆ ದುಡ್ಡು ಹಾಕುವುದು?

ಮುಂದಿನ ಸಾಂಕ್ರಾಮಿಕ ಯಾವಾಗ, ಹೇಗೆ ಎಂದು ಯಾರೂ ಹೇಳಲಾರರು. ಅದಕ್ಕೆ ಯೋಜಕರು ಒಂದು ಕೋಷ್ಟಕ ಬಿಡಿಸುತ್ತಾರೆ. ಅಡ್ಡಕ್ಕೆ ಮೂರು ಭವಿಷ್ಯ: ಮಕ್ಕಳು ತುಂಬಿದ ವರ್ಷ, ಖಾಲಿ ವರ್ಷ, ರೋಗಿಗಳ ವರ್ಷ. ಉದ್ದಕ್ಕೆ ನಿಮ್ಮ ಮುಂದಿರುವ ಆಯ್ಕೆಗಳು, ಉದಾಹರಣೆಗೆ ದೊಡ್ಡ ಬ್ಯಾಟರಿ, ಸಣ್ಣ ಬ್ಯಾಟರಿ, ಬ್ಯಾಟರಿಯೇ ಇಲ್ಲ. ಪ್ರತಿ ಮನೆಯಲ್ಲೂ ಒಂದೇ ಅಂಕಿ ಬರೆಯುತ್ತಾರೆ. ಆ ಭವಿಷ್ಯ ಬಂದಿದ್ದರೆ ಯಾವುದು ಅತ್ಯುತ್ತಮ ಆಯ್ಕೆ ಆಗಿರುತ್ತಿತ್ತೋ ಅದಕ್ಕೆ ಹೋಲಿಸಿದರೆ ನೀವು ಕಳೆದುಕೊಂಡದ್ದೆಷ್ಟು? ದೊಡ್ಡ ಬ್ಯಾಟರಿ ಮಾಮೂಲಿ ವರ್ಷದಲ್ಲಿ ಸುಮ್ಮನೆ ಕೂತು ದುಡ್ಡು ತಿನ್ನುತ್ತದೆ. ಬ್ಯಾಟರಿ ಇಲ್ಲದ ಆಯ್ಕೆ ರೋಗಿಗಳ ವರ್ಷದಲ್ಲಿ ಕೈಕೊಡುತ್ತದೆ. ಸಣ್ಣದು, ಆದರೆ ಬೆಳೆಸಲು ಜಾಗ ಬಿಟ್ಟಿರುವುದು ಎಲ್ಲ ಮನೆಯಲ್ಲೂ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತದೆ, ಯಾವ ಮನೆಯಲ್ಲೂ ಮುಳುಗುವುದಿಲ್ಲ. ಅತಿ ದೊಡ್ಡ ನಷ್ಟ ಯಾವ ಆಯ್ಕೆಯಲ್ಲಿ ಅತಿ ಕಡಿಮೆಯೋ ಅದನ್ನು ಹಿಡಿಯಿರಿ ಎನ್ನುತ್ತದೆ ಈ ಪದ್ಧತಿ.

ಇದನ್ನು ಕಂಪ್ಯೂಟರಿನಲ್ಲಿ ಸಾವಿರ ಭವಿಷ್ಯಗಳಿಗೆ ಬೇಕಾದರೂ ಮಾಡಬಹುದು. ಆದರೆ ಆಮ್ಲಜನಕ ನಿಂತರೆ ಆಗುವ ನಷ್ಟವನ್ನು ರೂಪಾಯಿಯಲ್ಲಿ ಬರೆದು ಕೂಡಿಸುವುದು ನನಗೆ ಒಪ್ಪಿಗೆಯಿಲ್ಲ. ಅದನ್ನು ಕೋಷ್ಟಕದಿಂದ ಹೊರಗಿಡಬೇಕು. ನಾಲ್ಕು ಗಂಟೆ ಹತ್ತು ಯಂತ್ರ ಓಡಲೇಬೇಕು ಎಂದು ಮೊದಲೇ ಗೆರೆ ಎಳೆದು, ಆ ಗೆರೆಯೊಳಗೆ ಬರುವ ಆಯ್ಕೆಗಳನ್ನಷ್ಟೇ ದುಡ್ಡಿನ ಲೆಕ್ಕಕ್ಕೆ ತರಬೇಕು.

ಖಾಲಿ ವರ್ಷವನ್ನೂ ಹಗುರವಾಗಿ ಕಾಣುವಂತಿಲ್ಲ. ಬಳಸದೆ ಬಿಟ್ಟ ಸೋಲಾರ್ ವಾಟರ್ ಹೀಟರ್ ಬೇಸಿಗೆಯಲ್ಲಿ ಕುದಿದು ರಬ್ಬರ್ ರಿಂಗುಗಳನ್ನು ಸುಡುತ್ತದೆ, ಟ್ಯೂಬಿನ ಮೇಲೆ ಒಂದು ಗೋಣಿ ತಾಟು ಹೊದಿಸಿ ಬಂದರೆ ಸಾಕು. ಖಾಲಿಯಾಗಿಯೇ ಬಿಟ್ಟ ಲೆಡ್ ಆಸಿಡ್ ಬ್ಯಾಟರಿ ಕೆಲವು ತಿಂಗಳಲ್ಲಿ ಸತ್ತೇಹೋಗುತ್ತದೆ. ಚಾರ್ಜಿಗೆ ಹಾಕಿಟ್ಟು, ಡಿಸ್ಟಿಲ್ಡ್ ವಾಟರ್ ನೋಡುತ್ತಿರಬೇಕು. ಚಾವಣಿಯ ಪ್ಯಾನೆಲ್ ಮಾತ್ರ ಖಾಲಿ ಕಟ್ಟಡದ ಮೇಲೂ ದುಡಿಯುತ್ತದೆ, ನೆಟ್ ಮೀಟರ್ ಮೂಲಕ ಯೂನಿಟ್ಟು ಗ್ರಿಡ್ಡಿಗೆ ಹೋಗುತ್ತಿರುತ್ತದೆ. ಅದರ ಅರ್ಜಿ ಹಾಕುವಾಗ ಬೇಲೂರಿನವರು ಸೆಸ್ಕ್ ಎಂದು ಮೈಸೂರಿನ ಕಡೆ ನೋಡಬೇಕು, ಪಕ್ಕದ ಮೂಡಿಗೆರೆಯವರು ಮೆಸ್ಕಾಂ ಎಂದು ಮಂಗಳೂರಿನ ಕಡೆ. ಗಡಿಯ ತೋಟದವರಿಗೆ ಇದೊಂದು ತಮಾಷೆ.

ಯಾವುದು ಮೊದಲು

2020ರಲ್ಲಿ ಸೋಲಾರ್ ಕೆಲಸಗಳು ಎಲ್ಲಿ ಸಿಕ್ಕಿಬಿದ್ದವು ಎಂಬುದನ್ನು ನೋಡಿದರೆ ಕೆಲಸದ ಸರದಿ ತಾನಾಗಿ ಸಿಗುತ್ತದೆ. ಪ್ಯಾನೆಲ್‌ಗಳಲ್ಲಿ ಹೆಚ್ಚಿನ ಪಾಲು ಚೀನಾದಿಂದ ಬರುತ್ತಿತ್ತು, ಇಲ್ಲಿ ಲಾಕ್‌ಡೌನ್ ಆಗುವ ಮೊದಲೇ ಅಲ್ಲಿ ಕಾರ್ಖಾನೆಗಳು ಮುಚ್ಚಿದ್ದವು. ಬಂದ ಮಾಲು ಬಂದರಿನಲ್ಲಿ ನಿಂತಿತು, ಕೂರಿಸುವ ಕಾರ್ಮಿಕರು ಊರಿಗೆ ನಡೆದರು. ಕೇಂದ್ರ ಸರ್ಕಾರ ನವೀಕರಿಸಬಹುದಾದ ಇಂಧನದ ಕಾಮಗಾರಿಗಳಿಗೆ 2020ರ ಮಾರ್ಚ್ 25ರಿಂದ ಆಗಸ್ಟ್ 24ರವರೆಗೆ ಐದು ತಿಂಗಳ, ಎರಡನೇ ಅಲೆಯಲ್ಲಿ ಮತ್ತೆ ಎರಡೂವರೆ ತಿಂಗಳ ಕಾಲಾವಕಾಶ ಕೊಡಬೇಕಾಯಿತು.

ಹಾಗಾಗಿ ಊರಿನ ಗಾರೆಯವರು, ಪ್ಲಂಬರ್, ವೆಲ್ಡರ್ ಮಾಡಬಲ್ಲ ಕೆಲಸ ಮೊದಲು ಮುಗಿಯಲಿ: ಶಾಖ ಸೋರದ ಟ್ಯಾಂಕು, ಚಿಮಣಿಯ ಬಾಯ್ಲರ್, ಬಿಸಿನೀರಿನ ಪೈಪಿಗೆ ಹೊದಿಕೆ, ತುರ್ತು ಲೋಡಿನ ಪ್ರತ್ಯೇಕ ವೈರಿಂಗ್, ಚಾವಣಿಯ ಮೇಲೆ ಪ್ಯಾನೆಲ್ಲಿನ ಕಬ್ಬಿಣದ ಸ್ಟ್ಯಾಂಡು. ಇಷ್ಟಾದರೆ ಹೊರಗಿನಿಂದ ಏನೂ ಬರದಿದ್ದರೂ ನೂರು ಜನಕ್ಕೆ ಬಿಸಿನೀರು ಸಿಗುತ್ತದೆ, ಜನರೇಟರನ್ನು ತುರ್ತು ಲೋಡಿಗೆ ಮಾತ್ರ ಕೊಡಬಹುದು. ಆಮೇಲೆ ಪ್ಯಾನೆಲ್ಲು, ಹೈಬ್ರಿಡ್ ಇನ್ವರ್ಟರ್, 20 ಯೂನಿಟ್ ಬ್ಯಾಟರಿ. ಬ್ಯಾಟರಿ ರೂಮು ಅರವತ್ತು ಯೂನಿಟ್ಟಿಗೆ ಸಾಲುವಷ್ಟು ದೊಡ್ಡದಿರಲಿ, ಗಾಳಿ ಆಡುವಂತಿರಲಿ. ಹೀಟ್ ಪಂಪ್ ಕೊನೆಗೆ, ದುಡ್ಡು ಉಳಿದರೆ.

ರಿಪೇರಿ ವಿಷಯಕ್ಕೆ ಎಸ್ಟಿಮೇಟಿನಲ್ಲಿ ಜಾಗವೇ ಇರುವುದಿಲ್ಲ. ಹಾಸನದಿಂದ ಟೆಕ್ನಿಷಿಯನ್ ಬರಲು ಪಾಸ್ ಬೇಕಾಗುವ ದಿನಗಳಲ್ಲಿ ಗ್ರಿಡ್ಡಿನಿಂದ ಜನರೇಟರಿಗೆ ಬದಲಿಸುವ ಚೇಂಜ್‌ಓವರ್ ಸ್ವಿಚ್ ತಿರುಗಿಸುವುದು ಹಾಸ್ಟೆಲ್ಲಿನ ಅಡುಗೆಯವರು ಇಲ್ಲವೇ ವಾಚ್‌ಮನ್. ಯಾವ ಸ್ವಿಚ್ ಯಾವಾಗ, ಯಾವ ಕಡೆಗೆ ಎಂಬುದನ್ನು ಬೋರ್ಡಿನ ಪಕ್ಕದ ಗೋಡೆಗೆ ಕನ್ನಡದಲ್ಲಿ ಪೇಂಟಿನಿಂದ ಬರೆಸಬೇಕು. ಫ್ಯೂಸು, ಎರಡು ಎಂಸಿಬಿ, ರಬ್ಬರ್ ರಿಂಗು, ಡಿಸ್ಟಿಲ್ಡ್ ವಾಟರ್ ಕ್ಯಾನು ಅಲ್ಲೇ ಒಂದು ಪೆಟ್ಟಿಗೆಯಲ್ಲಿರಬೇಕು. ಆಡಿಟ್‌ನವರು ಇದೇನಿದು ಎಂದು ಕೇಳಬಹುದು, ಆದ್ದರಿಂದ ಎಸ್ಟಿಮೇಟಿನಲ್ಲೇ ಅದಕ್ಕೊಂದು ಸಾಲು ಹಾಕಿಬಿಡಿ.